ರೈನ್ ಕಣಿವೆಯ ಕೋಟೆಗಳು: ಅಪ್ಪ ಅಮ್ಮನ ಜೊತೆ ಎರಡು ದಿನ, ಯಾವುದಕ್ಕೆ ಹೋಗಲಿ?

ದಾವಣಗೆರೆ ಹುಡುಗಿ (ಫ್ರಾಂಕ್‌ಫರ್ಟ್):

ಎಲ್ಲರಿಗೂ ನಮಸ್ಕಾರ. ಜೂನ್‌ನಲ್ಲಿ ಅಪ್ಪ ಅಮ್ಮ ಮೊದಲ ಸಲ ಇಲ್ಲಿಗೆ ಬರುತ್ತಿದ್ದಾರೆ. ಅಪ್ಪ ಹೈಸ್ಕೂಲಿನಲ್ಲಿ ಸಮಾಜ ಪಾಠ ಮಾಡಿ ರಿಟೈರ್ ಆದವರು. ಚಿತ್ರದುರ್ಗದ ಕೋಟೆಗೆ ಅವರ ಜೊತೆ ಹೋದರೆ ಗೈಡ್ ಬೇಕಿಲ್ಲ, ಗೈಡ್‌ಗಳೇ ಅವರ ಕೈಗೆ ಸಿಕ್ಕಿಬೀಳುತ್ತಾರೆ. ಅಮ್ಮನಿಗೆ ಮಂಡಿ ನೋವು, ಜಾಸ್ತಿ ಹತ್ತಲು ಆಗುವುದಿಲ್ಲ. ಒಂದು ಶನಿವಾರ ಭಾನುವಾರ ರೈನ್ ನದಿ ದಡದ ಕೋಟೆಗಳಿಗೆ ಅಂತ ಇಟ್ಟಿದ್ದೇನೆ. ಕಾರಿಲ್ಲ. ಮ್ಯಾಪ್ ನೋಡಿದರೆ ಬಿಂಗನ್‌ನಿಂದ ಕೊಬ್ಲೆಂಜ್‌ವರೆಗೆ 65 ಕಿ.ಮೀ.ನಲ್ಲಿ ಸುಮಾರು 40 ಕೋಟೆ! ಯಾವುದನ್ನು ಹಿಡಿಯಲಿ, ಯಾವುದನ್ನು ಬಿಡಲಿ? ಸುಮ್ನೆ ಹಡಗಿನಲ್ಲಿ ಕೂತು ಎಲ್ಲಾ ನೋಡಿಬಿಟ್ಟರೆ ಸಾಕಾ?

ಮೈಂಟ್ಸ್ ಮೂರ್ತಿ:

ನೋಡಿಯಮ್ಮ, ನಾನು ಊರಿನಲ್ಲಿ ವಾಣಿಜ್ಯ ತೆರಿಗೆ ಇಲಾಖೆಯಲ್ಲಿದ್ದವನು. ಅರ್ಧ ಸರ್ವಿಸ್ ಚೆಕ್‌ಪೋಸ್ಟ್‌ನಲ್ಲೇ ಕಳೆಯಿತು. ಈಗ ಮಗಳ ಮನೆಯಲ್ಲಿದ್ದೇನೆ. ಹಾಗಾಗಿ ನನ್ನ ಸಲಹೆ ಸ್ವಲ್ಪ ಒಂದು ಕಡೆಗೇ ವಾಲಿರುತ್ತದೆ. ಶನಿವಾರ ನದಿ ದಡದ ಕೌಬ್ ಊರಿಗೆ ಹೋಗಿ.

ಅಲ್ಲಿ ನದಿಯ ನಡುವಿನ ಬಂಡೆಯ ಮೇಲೆ ಫಾಲ್ಸ್‌ಗ್ರಾಫೆನ್‌ಸ್ಟೈನ್ ಅಂತ ಒಂದು ಕೋಟೆ ಇದೆ. ಬವೇರಿಯಾದ ಲುಡ್ವಿಗ್ ದೊರೆ 1327ರ ಸುಮಾರಿಗೆ ಗೋಪುರ ಕಟ್ಟಿಸಿದ. ಸುತ್ತಲಿನ ಆರು ಮೂಲೆಯ ಗೋಡೆ ಆಮೇಲೆ ಬಂತು. ರಾಜ ಇರುವುದಕ್ಕೆ ಕಟ್ಟಿದ್ದಲ್ಲ ಇದು, ಬರೀ ಸುಂಕ ವಸೂಲಿಗೆ. ನದಿಗೆ ಅಡ್ಡ ಸರಪಳಿ, ದಡದ ಗುಡ್ಡದ ಮೇಲೆ ಕಾವಲಿಗೆ ಇನ್ನೊಂದು ಕೋಟೆ. ಸರಕಿನ ದೋಣಿ ತಪ್ಪಿಸಿಕೊಂಡು ಎಲ್ಲಿಗೆ ಹೋದೀತು? ನಮ್ಮ ಹೈವೇ ಚೆಕ್‌ಪೋಸ್ಟ್ ಎತ್ತಿ ಹೊಳೆಯ ನಡುವೆ ಇಟ್ಟ ಹಾಗೆ. ಒಂದೇ ವ್ಯತ್ಯಾಸ, ನಮ್ಮಲ್ಲಿ ಲಾರಿಯವರು ಒಳದಾರಿ ಹಿಡಿದು ಪಾರಾಗುತ್ತಿದ್ದರು. ನಮ್ಮವು 2017ರಲ್ಲಿ ಜಿಎಸ್‌ಟಿ ಬಂದ ಕೂಡಲೇ ಎದ್ದುಹೋದವು. ಇದು 1860ರ ದಶಕದವರೆಗೂ ನಡೆಯಿತು, ಐನೂರು ವರ್ಷಕ್ಕೂ ಜಾಸ್ತಿ!

ಕೋಟೆಯ ಒಂದು ತುದಿ ಹಡಗಿನ ಮೂತಿಯಂತೆ ಚೂಪಾಗಿದೆ, ನದಿ ಬರುವ ಕಡೆಗೆ ಮುಖ ಮಾಡಿದೆ. ಚಳಿಗಾಲದಲ್ಲಿ ತೇಲಿ ಬರುವ ಮಂಜುಗಡ್ಡೆ ಅಲ್ಲಿಗೆ ಬಡಿದು ಒಡೆಯಲಿ ಅಂತ. ಇದನ್ನು ಅಪ್ಪನಿಗೆ ನೀವು ಹೇಳಬೇಡಿ. ಅವರೇ ಕಂಡುಹಿಡಿಯಲಿ, ಮೇಷ್ಟ್ರಲ್ವಾ. 1813ರ ಡಿಸೆಂಬರ್ 31ರ ರಾತ್ರಿ ಪ್ರಷ್ಯಾದ (ಆಗಿನ ಜರ್ಮನ್ ರಾಜ್ಯ) ಸೇನಾಪತಿ ಬ್ಲೂಷರ್ ತನ್ನ ಸೈನ್ಯವನ್ನು ನೆಪೋಲಿಯನ್ ಮೇಲೆ ನುಗ್ಗಿಸಲು ರೈನ್ ದಾಟಿಸಿದ್ದೂ ಇಲ್ಲೇ. ದಡದಲ್ಲಿ ಅವನ ಪ್ರತಿಮೆ ಇದೆ.

ಅಮ್ಮನಿಗೆ ಇಲ್ಲಿ ಬೆಟ್ಟ ಹತ್ತುವ ಗೋಜಿಲ್ಲ. ಊರಿನ ದಡದಿಂದ ಚಿಕ್ಕ ದೋಣಿ ಬಿಡುತ್ತಾರೆ. ಒಳಗೆ ಕಡಿದಾದ ಮೆಟ್ಟಿಲುಗಳಿವೆ, ಅವರು ಅಂಗಳದಲ್ಲಿ ಕೂತಿರಲಿ. ನದಿ ತುಂಬಿ ಹರಿಯುವಾಗ ಮಾತ್ರ ದೋಣಿ ಬಿಡುವುದಿಲ್ಲ, ಹಿಂದಿನ ದಿನ ವಿಚಾರಿಸಿಕೊಳ್ಳಿ.

ಅಲ್ಲಿಂದ ಸೇಂಟ್ ಗೋಆರ್ ಊರಿನವರೆಗೆ ದೊಡ್ಡ ಹಡಗು ಹಿಡಿಯಿರಿ. ನದಿ ಹರಿಯುವ ಕಡೆಗೇ ಹೋಗುವುದರಿಂದ ಬೇಗ ಮುಟ್ಟುತ್ತದೆ. ದಾರಿಯಲ್ಲಿ ಹಾಡು ಕಥೆಗಳಿಂದ ಹೆಸರಾದ, 132 ಮೀಟರ್ ಎತ್ತರದ ಲೋರೆಲೈ ಬಂಡೆ. ಎಲ್ಲರೂ ಎದ್ದು ಫೋಟೋ ತೆಗೆಯುತ್ತಾರೆ, ನೀವೂ ತೆಗೆಯಿರಿ, ಬಂಡೆ ಅಷ್ಟೇ.

ಭಾನುವಾರ ಬ್ರೌಬಾಖ್ ಊರಿನ ಮಾರ್ಕ್ಸ್‌ಬುರ್ಗ್. ಈ ಕಣಿವೆಯ ಗುಡ್ಡದ ಕೋಟೆಗಳಲ್ಲಿ ಒಮ್ಮೆಯೂ ಹಾಳಾಗದೆ ಉಳಿದದ್ದು ಅದೊಂದೇ. ಅಡುಗೆಮನೆ, ಕುದುರೆ ಹತ್ತುತ್ತಿದ್ದ ಕಲ್ಲಿನ ದಾರಿ, ಗೋಡೆಯಿಂದ ಹೊರಕ್ಕೆ ಚಾಚಿದ ಪಾಯಿಖಾನೆ ಎಲ್ಲಾ ಇದೆ. ಜಪಾನಿನವರು ಇದನ್ನು ಕೊಳ್ಳಲು ಬಂದಿದ್ದರಂತೆ. ಕೋಟೆಯವರು ಕೊಡಲಿಲ್ಲ. ಅವರು ಮಿಯಾಕೊ ದ್ವೀಪದಲ್ಲಿ ಇಂಥದ್ದೇ ಇನ್ನೊಂದು ಕಟ್ಟಿಕೊಂಡರು.

ಉಳಿದವು? ಸ್ಟೋಲ್ಟ್ಸೆನ್‌ಫೆಲ್ಸ್ ಅನ್ನು 1689ರಲ್ಲಿ ಫ್ರಾನ್ಸಿನ ಹದಿನಾಲ್ಕನೇ ಲೂಯಿಯ ಸೈನ್ಯ ಹಾಳುಮಾಡಿತು. ಇವತ್ತು ಕಾಣುವುದು ಪ್ರಷ್ಯಾದ ಯುವರಾಜ 1842ರ ಹೊತ್ತಿಗೆ ಕಟ್ಟಿಸಿಕೊಂಡ ಬೇಸಿಗೆ ಅರಮನೆ. ರೈನ್‌ಸ್ಟೈನ್ ಕೂಡ ಇನ್ನೊಬ್ಬ ರಾಜಕುಮಾರ 1820ರ ದಶಕದಲ್ಲಿ ಹೊಸದಾಗಿ ಎಬ್ಬಿಸಿದ್ದು. ಚೆಂದ ಇವೆ, ಇಲ್ಲ ಅನ್ನುವುದಿಲ್ಲ. ಹಡಗಿನಿಂದಲೋ ರೈಲಿನಿಂದಲೋ ನೋಡಿ, ಸಾಕು.

ಬಾನ್‌ಭಟ್ಟ:

ಮೂರ್ತಿಗಳೇ, ಎಲ್ಟ್ಸ್ ಕೋಟೆಯ ಹೆಸರೇ ಎತ್ತಲಿಲ್ಲವಲ್ಲ! ಯೂರೋ ಬರುವ ಮುಂಚೆ 500 ಮಾರ್ಕ್ ನೋಟಿನ ಮೇಲಿದ್ದ ಕೋಟೆ ಅದು. 850 ವರ್ಷಕ್ಕೂ ಮೀರಿ ಒಂದೇ ಮನೆತನದ ಕೈಯಲ್ಲಿದೆ. 1268ರಲ್ಲಿ ಅಣ್ಣತಮ್ಮಂದಿರಿಗೆ ಪಾಲಾಯಿತು. ಯಾರೂ ಕೋಟೆ ಬಿಟ್ಟು ಹೋಗಲಿಲ್ಲ, ಒಂದೇ ಅಂಗಳದ ಸುತ್ತ ಬೇರೆ ಬೇರೆ ಮನೆ ಮಾಡಿಕೊಂಡರು. ನಮ್ಮ ಅಮ್ಮ ಅದನ್ನು ಕೇಳಿ, ‘ಬಾವಿ ಯಾರ ಪಾಲಿಗೆ ಬಂತು?’ ಅಂದರು.

ಮೈಂಟ್ಸ್ ಮೂರ್ತಿ:

ಭಟ್ಟರೇ, ಎಲ್ಟ್ಸ್ ಇರುವುದು ಮೋಸೆಲ್ ನದಿಯ ಪಕ್ಕದ ಕಣಿವೆಯಲ್ಲಿ. ರೈಲಿಳಿದು ಕಾಡಿನಲ್ಲಿ ನಡೆದು ಹೋಗುವುದಾದರೆ ಒಂದು ಗಂಟೆಗೂ ಜಾಸ್ತಿ ಹಿಡಿಯುತ್ತದೆ. ಮಂಡಿ ನೋವಿನವರನ್ನು ಅಲ್ಲಿ ನಡೆಸುತ್ತೀರಾ?

ಬಾನ್‌ಭಟ್ಟ:

ಬಾಡಿಗೆ ಕಾರು ಮಾಡಿದರೆ ಪಾರ್ಕಿಂಗ್‌ನಿಂದ ಕೆಳಗೆ ಮಿನಿ ಬಸ್ ಇದೆ ಸ್ವಾಮಿ. ಕಾರಿಲ್ಲದಿದ್ದರೆ ನಿಮ್ಮ ಮಾತೇ ಸರಿ.

ಚಟ್ನಿಪುಡಿ:

ಕೋಟೆ ವಿಷಯ ದೊಡ್ಡವರಿಗೆ ಬಿಟ್ಟಿದ್ದೇನೆ. ಊಟ ನನ್ನದು. ಭಾನುವಾರ ಅಂಗಡಿ ಬಾಗಿಲು ಹಾಕಿರುತ್ತವೆ, ಶನಿವಾರವೇ ಹಣ್ಣು, ಮೊಸರು ಕೊಂಡಿಡಿ. ಸಸ್ಯಾಹಾರಿಗಳಾದರೆ ಫ್ಲಾಮ್‌ಕೂಖೆನ್ (ಪಿಜ್ಜಾದಂಥ ತೆಳು ರೊಟ್ಟಿ) ಹೇಳುವಾಗ ‘ಓನೆ ಶ್ಪೆಕ್’ ಅನ್ನಿ, ಇಲ್ಲದಿದ್ದರೆ ಹಂದಿಮಾಂಸದ ಚೂರು ಹಾಕಿಯೇ ತರುತ್ತಾರೆ. ಚಪಾತಿ ಸುತ್ತಿಕೊಂಡು ಹೋದರೆ ಇನ್ನೂ ವಾಸಿ. ಮತ್ತೆ, ರಾತ್ರಿ ಅಲ್ಲೇ ಉಳಿಯುವುದಾದರೆ ಹಳಿ ಪಕ್ಕದ ರೂಮ್ ಬೇಡ. ಎರಡೂ ದಡದಲ್ಲಿ ಗೂಡ್ಸ್ ರೈಲು ಬೆಳಗಿನವರೆಗೂ ಓಡುತ್ತವೆ.

ದಾವಣಗೆರೆ ಹುಡುಗಿ:

ಮೂರ್ತಿ ಅಂಕಲ್, ತುಂಬಾ ಥ್ಯಾಂಕ್ಸ್. ಅಪ್ಪನಿಗೆ ಫೋನಿನಲ್ಲಿ ಓದಿ ಹೇಳಿದೆ. ‘ಸುಂಕ ಶೇಕಡಾ ಎಷ್ಟಿತ್ತು ಕೇಳು’ ಅಂದರು! ಮಾರ್ಕ್ಸ್‌ಬುರ್ಗ್‌ಗೆ ಅಮ್ಮನನ್ನು ಹೇಗೆ ಹತ್ತಿಸಲಿ? ಸೇಂಟ್ ಗೋಆರ್‌ನ ರೈನ್‌ಫೆಲ್ಸ್ ಕೋಟೆ ಬಗ್ಗೆ ನೀವು ಏನೂ ಹೇಳಲಿಲ್ಲ?

ಮೈಂಟ್ಸ್ ಮೂರ್ತಿ:

ಶೇಕಡಾ ಲೆಕ್ಕ ಕೌಬ್‌ನಲ್ಲಿ ಅವರೇ ಕೇಳಲಿ.

ಬ್ರೌಬಾಖ್ ಸ್ಟೇಷನ್‌ನಿಂದ ಟ್ಯಾಕ್ಸಿ ಮಾಡಿ, ಮೊದಲೇ ಫೋನ್ ಮಾಡಿ ಹೇಳಿಡಿ. ಪಾರ್ಕಿಂಗ್‌ನಿಂದ ಮೇಲೆ ಸ್ವಲ್ಪ ಏರು ನಡಿಗೆ ಆಗಲೂ ಇದೆ. ಒಳಗೆ ಗೈಡ್ ಜೊತೆಗೇ ಹೋಗಬೇಕು, ನೆಲ ಏರುಪೇರಿನ ಬಂಡೆ. ಕಷ್ಟ ಅನ್ನಿಸಿದರೆ ಅಮ್ಮ ಮೇಲಿನ ಹೋಟೆಲಿನಲ್ಲಿ ಕಾಫಿ ಕುಡಿಯುತ್ತಾ ನದಿ ನೋಡಲಿ.

ರೈನ್‌ಫೆಲ್ಸ್ ಬೇಕಂತಲೇ ಬಿಟ್ಟೆ. 1245ರಲ್ಲಿ ಕಟ್ಟಿದ ಇನ್ನೊಂದು ಸುಂಕದ ಕೋಟೆ. ಸುಮಾರು ಹತ್ತು ವರ್ಷಕ್ಕೆ ಊರುಗಳೆಲ್ಲ ಕೂಡಿ ಮುತ್ತಿಗೆ ಹಾಕಿದವು, ಒಂದು ವರ್ಷ ಕಳೆದರೂ ಬಗ್ಗಲಿಲ್ಲ. 1692ರಲ್ಲಿ ಫ್ರೆಂಚರಿಗೂ ಬಗ್ಗಲಿಲ್ಲ. 1794ರಲ್ಲಿ ಮಾತ್ರ ಒಂದು ಗುಂಡೂ ಹಾರಿಸದೆ ಬಿಟ್ಟುಕೊಟ್ಟರು, ಆಮೇಲೆ ಫ್ರೆಂಚರು ಸಿಡಿಸಿದರು. ಅಪ್ಪನಿಗೆ ಖಂಡಿತ ಇಷ್ಟವಾಗುತ್ತದೆ. ಆದರೆ ಅದು ದೊಡ್ಡ ಪಾಳು, ಅಲ್ಲಿ ಅರ್ಧ ದಿನ ನಡೆಯಬೇಕು. ಶನಿವಾರ ಹಡಗಿಳಿದಾಗ ಅಮ್ಮನಿಗೆ ದಣಿವಾಗಿರದಿದ್ದರೆ ನೋಡಿ. ಅಲ್ಲಲ್ಲಿ ದುರಸ್ತಿ ನಡೆಯುತ್ತಿರುತ್ತದೆ, ತೆರೆದಿದೆಯಾ ಅಂತ ಮೊದಲು ನೋಡಿಕೊಳ್ಳಿ.

ಫ್ರಾಂಕ್‌ಫರ್ಟ್‌ನಿಂದ ಆರ್‌ಬಿ 10 ರೈಲು ಕೌಬ್, ಬ್ರೌಬಾಖ್ ಎರಡಕ್ಕೂ ಹೋಗುತ್ತದೆ. ಹೋಗುವಾಗ ನದಿ ಕಡೆಯ ಕಿಟಕಿ ಹಿಡಿಯಿರಿ. ಡಾಯ್ಚ್‌ಲಾಂಡ್ ಟಿಕೆಟ್ (ತಿಂಗಳ ಪಾಸ್) ಈ ರೈಲಿಗೆ ನಡೆಯುತ್ತದೆ, ಹಡಗಿಗೆ ನಡೆಯುವುದಿಲ್ಲ.