ಅಪ್‌ಡೇಟ್: ಗೋಬರ್ ಗ್ಯಾಸ್ ಉರಿ ಕುಣಿಯೋದು ನಿಂತಿತು

ಚಳ್ಳಕೆರೆ ಕಡೆಯ ನಮ್ಮ 2 ಘನ ಮೀಟರಿನ ಗೋಬರ್ ಗ್ಯಾಸಿಗೆ ದಿನಾ 50 ಕೆಜಿ ಸಗಣಿ, ಅಷ್ಟೇ ನೀರು ಕಲಸಿ ಹಾಕಿದರೂ ಒಲೆ ಉರಿ ಎದ್ದು ಬಿದ್ದು ಆರಿಹೋಗುತ್ತೆ ಅಂತ ಹೋದ ವಾರ ಕೇಳಿದ್ದೆ.

ಪೈಪಲ್ಲಿ ನೀರು ನಿಂತಿರಬೇಕು ಅಂದವರದ್ದೇ ಸರಿ. ಗುಂಡಿಯಿಂದ ಬರೋ ಗ್ಯಾಸಲ್ಲಿ ತೇವ ಇರುತ್ತೆ. ರಾತ್ರಿ ತಂಪಿಗೆ ಅದು ಹನಿಗಟ್ಟಿ ತಗ್ಗಲ್ಲಿ ಸೇರುತ್ತೆ. ಕೊಟ್ಟಿಗೆ ಗೋಡೆ ಹತ್ತಿರ ಪೈಪು ಜೋತುಬಿದ್ದಿತ್ತು. ಮೇನ್ ವಾಲ್ವ್ ಮುಚ್ಚಿ ಜಾಯಿಂಟ್ ಬಿಚ್ಚಿದರೆ ಅರ್ಧ ಚೊಂಬು ನೀರು, ಜೊತೆಗೆ ಕೊಳೆತ ಮೊಟ್ಟೆ ವಾಸನೆ! ಈಗ ಅದೇ ತಗ್ಗಿನ ಜಾಗಕ್ಕೆ ಒಂದು ಟೀ (T ಆಕಾರದ ಪೈಪ್ ಜೋಡಣೆ), ಅದರ ಕೆಳಗೆ ಸಣ್ಣ ವಾಲ್ವ್ ಕೂರಿಸಿದೆ. ಎರಡೂ ಕಡೆಯಿಂದ ಪೈಪು ಅಲ್ಲಿಗೇ ಇಳಿಜಾರು. ವಾರಕ್ಕೊಮ್ಮೆ, ಒಲೆ ಆರಿಸಿದ ಮೇಲೆ, ನೀರು ಬಿಟ್ಟು ತಕ್ಷಣ ಮುಚ್ಚಬೇಕು. ಗ್ಯಾಸ್ ಸೋರ್ತಿದೆಯಾ ಅಂತ ತಿಳಿಯೋಕೆ ಜಾಯಿಂಟಿಗೆ ಸೋಪಿನ ನೊರೆ ಹಚ್ಚಿ ಗುಳ್ಳೆ ನೋಡಿ. ಕಡ್ಡಿ ಗೀರಿ ನೋಡೋ ಚಾಳಿ ಬೇಡವೇ ಬೇಡ.

ಬರ್ನರ್ ತೂತು ಸೂಜಿಯಿಂದ ಬಿಡಿಸಿದ್ದು ವ್ಯರ್ಥ. ಗುಂಡಿಗೆ ಬೆಲ್ಲದ ನೀರು ಹಾಕಿದ್ದೂ ಅಷ್ಟೇ. ಅದು ಜಾಸ್ತಿಯಾದರೆ ಗುಂಡಿ ಹುಳಿಯಾಗಿ ಇರೋ ಗ್ಯಾಸೂ ನಿಲ್ಲುತ್ತೆ.

ಗೊತ್ತಿಲ್ಲದೇ ಇದ್ದ ಒಂದು ಲಾಭ: ಗುಂಡಿಯಿಂದ ಹೊರಬರೋ ಬಗ್ಗಡವನ್ನ ತೆಳ್ಳಗೆ ಮಾಡಿ ಅಜೋಲಾ (ನೀರ ಮೇಲೆ ತೇಲಿ ಬೆಳೆಯೋ ಮೇವಿನ ಗಿಡ) ತೊಟ್ಟಿಗೆ ಹಾಕಬಹುದು. ಆ ಅಜೋಲಾನ ಚೆನ್ನಾಗಿ ತೊಳೆದು ಹಾಕಿದರೆ ನಾಟಿ ಕೋಳಿ ಮುಗಿಬೀಳ್ತಾವೆ.