ಕಿವಿ ಮಂದ ಇರುವ ಅಜ್ಜ ಎಲ್ಲದಕ್ಕೂ ತಲೆ ಆಡಿಸ್ತಾರೆ, ಹೇಗೆ ಹೇಳಲಿ?

ಪ್ರಶ್ನೆ (ನೈಟ್ ಡ್ಯೂಟಿ ನರ್ಸ್):
ಸರ್ಜರಿ ವಾರ್ಡಿಗೆ ಬಂದು 4 ತಿಂಗಳಾಯಿತು. 78 ವರ್ಷದ ಅಜ್ಜ ಒಬ್ಬರಿದ್ದಾರೆ, ಎರಡೂ ಕಿವಿ ಮಂದ. ಮೊನ್ನೆ ರಾತ್ರಿ "ಅಜ್ಜ, ಬೆಳಿಗ್ಗೆ ಆಪರೇಷನ್, ಏನೂ ತಿನ್ನಬೇಡಿ" ಅಂತ ಜೋರಾಗಿ ಎರಡು ಸಲ ಹೇಳಿದೆ. ನಗುತ್ತಾ ತಲೆ ಆಡಿಸಿದರು. ಬೆಳಿಗ್ಗೆ ನೋಡಿದರೆ ಬಿಸ್ಕತ್ತು ತಿಂದು ಕೂತಿದ್ದರು. ಆಪರೇಷನ್ ಮುಂದಕ್ಕೆ ಹೋಯಿತು. ತಪ್ಪು ನನ್ನದೇ ಅನ್ನಿಸಿ ಅವರ ಮುಖ ನೋಡೋಕೇ ಆಗಲಿಲ್ಲ. ಕಳೆದುಹೋಗುತ್ತೆ ಅಂತ ಕಿವಿ ಮೆಷಿನ್ ಮನೆಯವರು ಒಯ್ದಿದ್ದಾರೆ. ನಾಳೆ ಮತ್ತೆ ಆಪರೇಷನ್ ಇದೆ. ಇವತ್ತು ಏನು ಮಾಡಲಿ?

ಉತ್ತರ 1 (ವಾರ್ಡಿನಲ್ಲಿ 22 ವರ್ಷ):
ಮೊದಲು ಫೋನ್ ಮಾಡಿ ಮೆಷಿನ್ ತರಿಸಿ.

ಕಿರುಚಬೇಡಿ. ವಯಸ್ಸಾದಾಗ ಮೊದಲು ಹೋಗೋದು ಕೀರಲು ಸದ್ದು. ಸ, ಶ, ಚ ಎಲ್ಲ ಮಸುಕಾಗುತ್ತವೆ. ಕಿರುಚಿದರೆ ಆ, ಓ ಮಾತ್ರ ಜೋರಾಗುತ್ತೆ, ಮಾತು ಇನ್ನೂ ಕಲಸಿಹೋಗುತ್ತೆ. ನಮ್ಮ ಭಾಷೆಯಲ್ಲಿ ಇನ್ನೊಂದು ಕಷ್ಟ ಇದೆ. ಕನ್ನಡಿ ಮುಂದೆ ನಿಂತು ಸದ್ದಿಲ್ಲದೆ "ಬೇಕು", "ಬೇಡ" ಅನ್ನಿ. ಎರಡಕ್ಕೂ ತುಟಿ ಕೂಡಿ "ಬೇ" ಅಂತ ತೆರೆಯುತ್ತೆ. ಮುಂದಿನದು ಹೆಚ್ಚಾಗಿ ಬಾಯೊಳಗೇ ಆಗಿಹೋಗುತ್ತೆ, ಅಷ್ಟಾಗಿ ಕಾಣೋದಿಲ್ಲ. "ತಿನ್ನಬೇಡಿ" ಅಂದಿದ್ದು "ತಿನ್ನಬೇಕು" ಆಗೋಕೆ ಇಷ್ಟು ಸಾಕು. ಮಾಸ್ಕ್ ಇದ್ದರಂತೂ ಅದೂ ಇಲ್ಲ. ಅದಕ್ಕೇ "ಬೇಡ" ಅನ್ನುವಾಗ ಕೈಯನ್ನೂ ಆಡಿಸಿ. ದಪ್ಪ ಅಕ್ಷರದಲ್ಲಿ ಬರೆದು ತೋರಿಸಿ.

ಬೆಳಕು ನಿಮ್ಮ ಮುಖದ ಮೇಲೆ ಬೀಳಲಿ, ಬೆನ್ನ ಹಿಂದೆ ಬೇಡ. "ಗೊತ್ತಾಯ್ತಾ?" ಅಂತ ಮಾತ್ರ ಕೇಳಬೇಡಿ, ಎಲ್ಲರೂ ಹೂಂ ಅಂತಾರೆ. ನಾಚಿಕೆ ಅದು, ಮೊಂಡುತನ ಅಲ್ಲ. "ನಾನು ಏನು ಹೇಳಿದೆ, ನೀವು ಹೇಳಿ" ಅನ್ನಿ.

ಮೆಷಿನ್ ಬರೋವರೆಗೆ ಒಂದು ಉಪಾಯ: ಸ್ಟೆತ್ ಒರೆಸಿ ಅವರ ಕಿವಿಗೆ ಹಾಕಿ, ಈ ತುದಿಯಲ್ಲಿ ಮೆಲ್ಲಗೆ ಮಾತಾಡಿ. ಮೆಲ್ಲಗೇ, ಮರೀಬೇಡಿ.

ಉತ್ತರ 2 (ನಾನೇ ಮೆಷಿನ್ ಹಾಕುವವಳು):
ಮೆಷಿನ್ ಬಂದರೆ ಡಬ್ಬಿಯಲ್ಲೇ ಇಡಿ. ಟಿಶ್ಯೂನಲ್ಲಿ ಸುತ್ತಿಟ್ಟರೆ ಕಸದ ಜೊತೆ ಹೋಗುತ್ತೆ. ಕೆಂಪು ಗುರುತು ಬಲಗಿವಿ, ನೀಲಿ ಎಡಗಿವಿ. ಕುಂಯ್ ಅಂದರೆ ಸರಿಯಾಗಿ ಕೂತಿಲ್ಲ ಅಥವಾ ಕಿವಿಯಲ್ಲಿ ಗುಗ್ಗೆ ಇದೆ ಅಂತ. ಇನ್ನೊಂದು, ನಾನು ಬರೆಯೋ ಕೈಗೇ ಡ್ರಿಪ್ ಚುಚ್ಚಿದ್ದರು. ಎರಡು ದಿನ ಮೂಕಿ ಆದ ಹಾಗಿತ್ತು. ದಯವಿಟ್ಟು ಯಾವ ಕೈ ಅಂತ ಕೇಳಿ.

ಪ್ರಶ್ನೆ ಕೇಳಿದವಳು:
ಮಗ ಮೆಷಿನ್ ತಂದುಕೊಟ್ಟರು. ಹಾಕಿ, ಎದುರಿಗೆ ಕೂತು, "ರಾತ್ರಿ 12ರ ಮೇಲೆ ತಿನ್ನೋದು ಬೇಡ" ಅಂತ ಬರೆದೂ ತೋರಿಸಿದೆ. ಓದಿ, ತಾವೇ ತಿರುಗಿ ಹೇಳಿದರು. ಆಮೇಲೆ ನನ್ನ ಕೈ ಹಿಡಿದು "ತುಂಬಾ ನೋವಾಗತ್ತಾ ಮಗಾ?" ಅಂತ ಕೇಳಿದರು. ಬಂದು ಐದು ದಿನ ಆಗಿತ್ತು. ಅವರಾಗಿ ಏನಾದರೂ ಕೇಳಿದ್ದು ಅದೇ ಮೊದಲು.