ಜಾಮೀನು ಆಯ್ತು, ಹುಡುಗ ಮಾತ್ರ ಒಳಗೇ ಇದ್ದಾನೆ

ತೋಟದಮನೆ:
ಪಕ್ಕದ ಮನೆ ಹುಡುಗ ಪಂಪ್‌ಸೆಟ್ ಮೋಟಾರ್ ಕದ್ದ ಕೇಸಿನಲ್ಲಿ ಒಳಗಿದ್ದಾನೆ. ಜಾಮೀನು ಸಿಕ್ಕಿ 33 ದಿನ ಆಯ್ತು, ಇನ್ನೂ ಬಿಟ್ಟಿಲ್ಲ. ಪಹಣಿ ಇರೋ ಶ್ಯೂರಿಟಿ, ಅಂದ್ರೆ ಅವನ ಪರವಾಗಿ ಕೋರ್ಟಿಗೆ ಹೊಣೆ ನಿಲ್ಲುವವರು, ಬೇಕಂತೆ. ಅವರಪ್ಪ ಕೂಲಿಗೆ ಹೋಗುವವರು, ಒಂದು ಗುಂಟೆ ಜಮೀನಿಲ್ಲ. ಇದ್ಯಾವ ನ್ಯಾಯ?

ಕಬ್ಬಿನಗದ್ದೆ:
ಮೋಟಾರ್ ಕಳ್ಕೊಂಡವರನ್ನೂ ಒಂದು ಮಾತು ಕೇಳಿ. ನಂದು ಎರಡು ಸಲ ಹೋಗಿದೆ. ಕೇಬಲ್ ಕೂಡ ಬಿಟ್ಟಿರಲಿಲ್ಲ. ಸುಮ್ನೆ ಸಹಿ ಹಾಕಿಸ್ಕೊಂಡು ಬಿಟ್ಟರೆ ಅವನು ವಾಯಿದೆಗೆ ಬರ್ತಾನಾ?

ಕರಿಕೋಟು:
ಭಯ ಸರಿ ಸರ್. ಆದರೆ ಪಹಣಿಯೇ ಆಗಬೇಕು ಅಂತ ಕಾನೂನಿನಲ್ಲಿಲ್ಲ, ಅದು ರೂಢಿ. 1978ರ ಮೋತಿರಾಮ್ ಕೇಸ್ ನೋಡಿ. ಗಾರೆ ಕೆಲಸದವನು. ಮ್ಯಾಜಿಸ್ಟ್ರೇಟರು 10,000 ರೂಪಾಯಿ ಶ್ಯೂರಿಟಿ ಕೇಳಿದರು. ಒಡಹುಟ್ಟಿದವನು ಮುಂದೆ ಬಂದರೆ, ಆಸ್ತಿ ಬೇರೆ ಜಿಲ್ಲೆಯಲ್ಲಿದೆ ಅಂತ ಒಪ್ಪಲಿಲ್ಲ. ಸುಪ್ರೀಂ ಕೋರ್ಟಿನಲ್ಲಿ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಅವರು 1,000 ರೂಪಾಯಿಯ ಸ್ವಂತ ಬಾಂಡ್ ಮೇಲೆ, ಅಂದ್ರೆ ಅವನೇ ಬರೆದುಕೊಟ್ಟ ಮುಚ್ಚಳಿಕೆ ಮೇಲೆ, ಬಿಡಿಸಿದರು.

ಕಬ್ಬಿನಗದ್ದೆ:
1978ರ ಮಾತು ಇವತ್ತಿಗೂ ತಾಲ್ಲೂಕು ಕೋರ್ಟಿಗೆ ಬಂದು ಮುಟ್ಟಿಲ್ಲ ಅಂದ್ರೆ ಏನು ಪ್ರಯೋಜನ?

ಸಹಿ ಹಾಕಿ ಕೆಟ್ಟೆ:
ನಾನು ಗೆಳೆಯನ ತಮ್ಮನಿಗೆ ಶ್ಯೂರಿಟಿ ನಿಂತಿದ್ದೆ. ಆಸಾಮಿ ಮೂರನೇ ವಾಯಿದೆಗೇ ನಾಪತ್ತೆ. ನೋಟಿಸ್ ಬಂದದ್ದು ನನ್ನ ಮನೆಗೆ. ಅವನನ್ನು ಹುಡುಕ್ಕೊಂಡು ಊರೂರು ಅಲೆದೆ. ಇನ್ನು ಯಾರಿಗೂ ಪಹಣಿ ಕೊಡಲ್ಲ. ಆದ್ದರಿಂದಲೇ ಕೋರ್ಟ್ ಮುಂದೆ ದುಡ್ಡಿಗೆ ನಿಲ್ಲುವ ಶ್ಯೂರಿಟಿಗಳು ಹುಟ್ಟಿಕೊಂಡಿದ್ದು. ಆರೋಪಿಯ ಮುಖವನ್ನೇ ನೋಡಿರಲ್ಲ, ಅಲ್ವಾ?

ಕರಿಕೋಟು:
ಅದು ನಿಜ. @ತೋಟದಮನೆ, 2023ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ನಿಮಗೇ ಬೇಕಾದದ್ದು. ಜಾಮೀನಾಗಿ 7 ದಿನದಲ್ಲಿ ಬಿಡುಗಡೆ ಆಗದಿದ್ದರೆ ಜೈಲಿನವರು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ (ಉಚಿತ ಕಾನೂನು ನೆರವು ಕೊಡುವ ಕಚೇರಿ) ತಿಳಿಸಬೇಕು. ತಿಂಗಳಾದರೂ ಶ್ಯೂರಿಟಿ ಸಿಗದಿದ್ದರೆ, ಷರತ್ತು ಸಡಿಲಿಸಬಹುದಾ ಅಂತ ಕೋರ್ಟೇ ನೋಡಬಹುದು. ನಿಮ್ಮದು ತಿಂಗಳು ದಾಟಿದೆ.

ಬೇಲಿ ಹಾರಿದ ಬೆಕ್ಕು:
ಸಿಆರ್‌ಪಿಸಿ ಬದಲಿಗೆ ಬಂದ ಹೊಸ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ ಶಿಕ್ಷೆಯ ಮೂರನೇ ಒಂದು ಭಾಗ ಒಳಗಿದ್ದರೆ ಬಿಡ್ತಾರಲ್ವಾ?

ಕರಿಕೋಟು:
479ನೇ ಕಲಂ. ಗರಿಷ್ಠ ಶಿಕ್ಷೆಯ ಮೂರನೇ ಒಂದು ಭಾಗ, ಅದೂ ಹಿಂದೆ ಶಿಕ್ಷೆ ಆಗದವರಿಗೆ. ಮಾಮೂಲಿ ಕಳ್ಳತನಕ್ಕೆ 3 ವರ್ಷ, ಅಂದ್ರೆ 1 ವರ್ಷ ಕಾಯಬೇಕು. ಇವನಿಗೆ ಜಾಮೀನು ಆಗಲೇ ಇದೆ, ಅಷ್ಟು ದಿನ ಯಾಕೆ?

ತೋಟದಮನೆ:
ಸೋಮವಾರ ಅವರಪ್ಪನನ್ನು ಪ್ರಾಧಿಕಾರಕ್ಕೆ ಕರ್ಕೊಂಡು ಹೋಗ್ತೀನಿ. ಆದಾಯ ಪ್ರಮಾಣಪತ್ರ ಬೇಕಾ? ಅದಕ್ಕೇ ವಾರ ಹಿಡಿಯುತ್ತೆ.

ಕರಿಕೋಟು:
ಬೇಡ. ಕಸ್ಟಡಿಯಲ್ಲಿ ಇರುವವರಿಗೆ ಆದಾಯ ನೋಡಲ್ಲ. ಜಾಮೀನು ಆದೇಶದ ಪ್ರತಿ ಮರೀಬೇಡಿ.